ಮದುವೆಯ ಡೇಟಾಬೇಸಿಗೆ ಹಾಕಿದ ಚಿಲಕ

ಗೆದ್ದ ಮೇಲೆ ಬಾಯಿ ಮುಚ್ಚಿಕೊಂಡಿರುವ ವಿವೇಕ ನನಗೆ ಹುಟ್ಟಿನಿಂದಲೇ ಇಲ್ಲ. ನಾಲ್ಕು ಜನರಿಗೆ ಹೇಳದಿದ್ದರೆ ಊಟ ರುಚಿಸದು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತನಾದ ಮೇಲೆ ಕುಂದಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದವನು ನಾನು. ಮದುವೆಗಳ ಬುಕಿಂಗಿಗೆಂದು ಒಂದು ಡೇಟಾಬೇಸ್ ಕಟ್ಟಿದ್ದೆ. ಮೂರು ಮೇಜಿನಿಂದ ಮೂವರು ಒಟ್ಟಿಗೆ ತೆರೆದರೆ ಅದು ಮುನಿಸಿಕೊಂಡು ನಿಂತುಬಿಡುತ್ತಿತ್ತು. ಇನ್ನೊಮ್ಮೆ ನಿಂತರೆ ನಿಮ್ಮ ಕಂಪ್ಯೂಟರೇ ಬೇಡ ಎಂದು ಮಾಲೀಕರಾದ ಶೇಖರಣ್ಣ ಹೇಳಿದ ಮೇಲೆ ಅದನ್ನು ಎರಡು ಭಾಗ ಮಾಡಿದೆ. ಮಾಹಿತಿ ಇರುವ ಕೋಷ್ಟಕಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ. ಅದು ಬ್ಯಾಕ್ ಎಂಡ್. ತುಂಬುವ ಫಾರ್ಮುಗಳು ಮಾತ್ರ ಪ್ರತಿ ಮೇಜಿನಲ್ಲೂ. ಅದು ಫ್ರಂಟ್ ಎಂಡ್.

ಇದನ್ನು ವಿವರಿಸಲು ನಾನು ಕರಿಹಲಗೆ ತರಿಸುವವನಿದ್ದೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಶೇಖರಣ್ಣನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಗಿರಾಕಿ ಅಡ್ಗಿಮನಿಗ್ ಹೋಪುಕಾಗ, ಅಷ್ಟೇ ಅಲ್ದಾ ಮಾಷ್ಟ್ರೆ?" ಎಂದರು. ಗಿರಾಕಿ ಹೊರಗೆ, ಅಡುಗೆಮನೆ ಒಳಗೆ; ಪಾಠ ಮುಗಿಯಿತು. ಆದರೆ ಬುಕಿಂಗ್ ಮೇಜಿನಲ್ಲಿ ಕೂರುವುದು ಅವರ ಅಕ್ಕ ಜಲಜಕ್ಕ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾರ ಮನೆಗೆ ಯಾರ ಮನೆಯ ಸಂಬಂಧ ಎಂದು ಬಲ್ಲವರು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ: ಎದುರು ಬಾಗಿಲಿನಿಂದ ಬರುವವರು ನೆಂಟರು, ತೀರಾ ಹತ್ತಿರದವರು ಹಿಂದಿನಿಂದ ಸೀದಾ ಅಡುಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು ಇವತ್ತು ಎಂತ ಸಾರು ಎಂದು ನೋಡುತ್ತಾರೆ. ಜಲಜಕ್ಕ ಹಾಗೆಯೇ ಫಾರ್ಮು ಬಿಟ್ಟು, ನೇರ ಬ್ಯಾಕ್ ಎಂಡ್ ತೆರೆದು ಕೋಷ್ಟಕದಲ್ಲೇ ಬರೆಯುತ್ತಿದ್ದರು. ಕೇಳಿದರೆ, "ನಾನೆಂತ ಹೊರ್ಗಿನಳಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಒಂದೇ ದಿನಕ್ಕೆ ಎರಡು ಮದುವೆ ಬೀಳದಂತೆ ತಡೆಯುವ ನಿಯಮವನ್ನು ನಾನು ಇಟ್ಟದ್ದು ಫಾರ್ಮಿನಲ್ಲಿ ಮಾತ್ರ. ಹಿಂಬಾಗಿಲಿಗೆ ಚಿಲಕವೇ ಇರಲಿಲ್ಲ. ಎರಡು ದಿಬ್ಬಣ ಒಂದೇ ಮಂಟಪದೆದುರು ಬಂದಿಳಿದರೆ ಡೇಟಾಬೇಸ್ ಮಾತ್ರವಲ್ಲ, ನಾನೂ ಗೇಟಿನ ಹೊರಗೇ. ಒಂದು ಬೆಳಿಗ್ಗೆ ಎಲ್ಲರಿಗೂ ಕಂಪ್ಯೂಟರ್ ಮುಟ್ಟಬೇಡಿ ಎಂದು ಹೇಳಿ, ಒಂದು ನಕಲು ತೆಗೆದಿಟ್ಟು, ಬ್ಯಾಕ್ ಎಂಡಿನ ಕೋಷ್ಟಕಕ್ಕೇ ಆ ನಿಯಮ ಹಾಕಲು ಕೂತೆ. ಅದು ಒಪ್ಪಲಿಲ್ಲ. ಒಂದೇ ತಾರೀಕು ಈಗಾಗಲೇ ಎರಡು ಸಲ ಇದೆ ಎಂದಿತು!

ಹುಡುಕಿದರೆ ಸಿಕ್ಕಿಯೇ ಬಿಟ್ಟಿತು. ಬೈಂದೂರಿನವರದೊಂದು ಮದುವೆ, ಬ್ರಹ್ಮಾವರದವರದೊಂದು, ದಿನ ಒಂದೇ. ಪುಣ್ಯಕ್ಕೆ ಇನ್ನೂ ಮೂರು ತಿಂಗಳಿತ್ತು, ಮದುವೆ ಕಾಗದ ಅಚ್ಚಾಗಿರಲಿಲ್ಲ. ಜಲಜಕ್ಕ ಬ್ರಹ್ಮಾವರಕ್ಕೆ ಫೋನು ಹಚ್ಚಿ, ಅವರ ಮನೆಯ ದನಕರುಗಳ ತನಕ ಕ್ಷೇಮ ವಿಚಾರಿಸಿ, ಅದರಾಚೆಯ ವಾರದ ಮುಹೂರ್ತಕ್ಕೆ ಒಪ್ಪಿಸಿಯೇ ಬಿಟ್ಟರು. ಮತ್ತೆ ನಿಯಮ ಹಾಕಿದೆ; ಈ ಸಲ ಕೂತಿತು. ಪರೀಕ್ಷೆಗೆಂದು ನಾನೇ ಹಿಂಬಾಗಿಲಿನಿಂದ ಹೋಗಿ ಬುಕ್ ಆದ ದಿನವನ್ನೇ ಇನ್ನೊಮ್ಮೆ ಬರೆದೆ. ಸಾಧ್ಯವಿಲ್ಲ ಎಂದಿತು. ಗೆದ್ದೆ! ಖುಷಿಗೆ ಇಡೀ ಆಫೀಸಿಗೆ ಗೋಳಿಬಜೆ ತರಿಸಿದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಎಲ್ಲರೂ ತಿನ್ನುತ್ತಿರುವಾಗ ಶಿಸ್ತಿನ ಬಗ್ಗೆ ಭಾಷಣ ಶುರು ಮಾಡಿದೆ. ಎರಡನೆಯ ಮದುವೆಯನ್ನು ಹಿಂದಿನಿಂದ ನುಗ್ಗಿಸಿದ್ದು ಯಾರೆಂದು ಈಗ ತೋರಿಸುತ್ತೇನೆ ಎಂದು ಜಲಜಕ್ಕನ ಕಡೆ ನೋಡುತ್ತಲೇ ಬೆಳಗಿನ ನಕಲನ್ನು ತೆರೆದು, ಕೊನೆಯಲ್ಲಿದ್ದ 'ಬರೆದವರು' ಎಂಬ ಕಾಲಮಿಗೆ ಪರದೆ ಸರಿಸಿದೆ. ಬೈಂದೂರಿನ ಸಾಲಿನಲ್ಲಿ ಜಲಜಕ್ಕನ ಹೆಸರಿತ್ತು. ಅದು ಮೊದಲು ಬಂದದ್ದು. ಆಮೇಲೆ ಬಂದ ಬ್ರಹ್ಮಾವರದ ಸಾಲಿನಲ್ಲಿ ನನ್ನ ಹೆಸರಿತ್ತು. ಆಗ ನೆನಪಾಯಿತು: ಹಳೆ ಶಿಷ್ಯನೊಬ್ಬ ತಂಗಿಯ ಮದುವೆಗೆಂದು ಫೋನು ಮಾಡಿದ್ದ, ಫಾರ್ಮು ಕೇಳುವ ಹತ್ತು ಪ್ರಶ್ನೆಗೆ ಬೇಸತ್ತು ನಾನೇ ಕೋಷ್ಟಕದಲ್ಲಿ ಗೀಚಿದ್ದೆ. ಆ ಹತ್ತು ಪ್ರಶ್ನೆ ಇಟ್ಟವನೂ ನಾನೇ.

ಯಾರೂ ನಗಲಿಲ್ಲ, ಅದೇ ಕಷ್ಟವಾದದ್ದು. ಜಲಜಕ್ಕ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿ ಮೆಲ್ಲಗೆ ಕೇಳಿದರು: "ಅಲ್ದಾ ಮಾಷ್ಟ್ರೆ, ಈಗ ಹಾಕಿದ್ ಚಿಲ್ಕ ನಿಮ್ನೂ ತಡೀತಾ?"

ತಡೆಯುತ್ತದೆ ಎಂದೆ. ನನ್ನಂಥವನನ್ನೂ ಒಳಗೆ ಬಿಡದಷ್ಟು ಗಟ್ಟಿಯಾಗಿ ಕಟ್ಟಿದ್ದೇನೆ ಎಂದು ಹೇಳಿಕೊಳ್ಳಲು ಆಗಲೂ ಮರೆಯಲಿಲ್ಲ.