ತಂಗಿಯನ್ನು ತಿಳಿಸಿ ಹೇಳುವ ಕೆಲಸ

ಊರಿಗೆಲ್ಲ ಮಗ್ಗಿ ಕಲಿಸಿದ ಮಾಸ್ತರ ನಾನು; ನನ್ನ ತಂಗಿಯನ್ನು ಊರಿಗೆ ತಿಳಿಸಿ ಹೇಳುವುದರಲ್ಲಿ ಮಾತ್ರ ದಿನಾ ನಪಾಸಾಗುತ್ತಿದ್ದೆ. ಯಾರ ಮುಖವನ್ನೂ ನೋಡಳು, ಮುಟ್ಟಿದರೆ ಸಿಡಿಯುತ್ತಾಳೆ, ಇಟ್ಟ ಸಾಮಾನು ಬೆರಳಷ್ಟು ಸರಿದರೆ ಊಟ ಬಿಡುತ್ತಾಳೆ, ಸುಳ್ಳಂತೂ ಬಾರದು. ಇಂಥ ಸ್ವಭಾವಕ್ಕೆ ಆಗ ನಮ್ಮಲ್ಲಿ ಹೆಸರಿರಲಿಲ್ಲ. ಊರವರು ಹತ್ತು ಹೆಸರು ಇಟ್ಟಿದ್ದರು. ಅವಳಿಗೆ ಹದಿನೆಂಟು ತುಂಬಿತ್ತು, ಅಪ್ಪ ಇರಲಿಲ್ಲ, ಮದುವೆ ನನ್ನ ತಲೆಯ ಮೇಲಿತ್ತು. ಬಂದ ಸಂಬಂಧಗಳೆಲ್ಲ ಆ ಹೆಸರುಗಳನ್ನು ಕೇಳಿಯೇ ತಿರುಗಿ ಹೋಗುತ್ತಿದ್ದವು.

ಮಾದಲಿ

ನೆರೆಮನೆಯಾಕೆ ಗೋದಿ-ಬೆಲ್ಲದ ಮಾದಲಿ ತಂದುಕೊಟ್ಟು, "ಹೆಂಗಾಗೇತಿ?" ಎಂದಳು.

"ಹೊತ್ತೇತಿ," ಎಂದು ತಂಗಿ ತಾಟು ಸರಿಸಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ, ಅಕಿ ಇದ್ದದ್ದು ಇದ್ದಂಗ ಅಂತಾಳ," ಎಂದೆ. ಆಕೆ ತಾಟು ಎತ್ತಿಕೊಂಡು ಹೋದಳು. ಎರಡು ದಿನಕ್ಕೆ ಮತ್ತೆ ಬಂದಳು.

"ಮಾಸ್ತರ, ತಂಗೀನ ಒಂದೀಟು ಕಳಸ್ರಿ. ಇವತ್ತ ಮಾದಲಿ ನಮ್ಮ ಸೊಸಿ ಮಾಡ್ಯಾಳ."

ದೆವ್ವದ ವಿಳಾಸ

ಇದು ದೆವ್ವದ ಕಾಟವೆಂದು ಸೋದರತ್ತೆ ಹಟ ಹಿಡಿದು, ನಮ್ಮನ್ನು ಹಾನಗಲ್ಲ ಕಡೆಯ ಒಬ್ಬ ಮಂತ್ರಗಾರನ ಬಳಿ ಕರೆದೊಯ್ದಳು. ಅವನು ಲಿಂಬಿಹಣ್ಣು ಇಳಿಸಿ, "ಯಾರ ನೀ? ಯಾವೂರಾಕಿ?" ಎಂದು ಗದರಿದ.

ತಂಗಿ ತನ್ನ ಹೆಸರು, ಅಪ್ಪನ ಹೆಸರು, ಶಿಗ್ಗಾಂವಿ, ಬಂಕಾಪುರ ತಾಲೂಕು, ಧಾರವಾಡ ಜಿಲ್ಲಾ, ಮುಂಬೈ ಇಲಾಖಾ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

"ಇಷ್ಟು ಪೂರಾ ವಿಳಾಸ ಹೇಳೋ ದೆವ್ವ ನಾ ಕಂಡಿಲ್ಲ," ಎಂದ ಅವನು.

"ಐದು ಹಣ್ಣು ತಂದಿದ್ವಿ. ನಾಕ ಇಳಿಸೀರಿ. ಒಂದು ನಿಮ್ಮ ಕಿಸೇದಾಗೈತಿ," ಎಂದಳು ತಂಗಿ.

ದೆವ್ವ ಅದೇ ಕ್ಷಣ ಬಿಟ್ಟುಹೋಯಿತೆಂದು ಸಾರಿ, ಬಾಗಿಲತನಕ ಅವನೇ ಬಂದು ನಮ್ಮನ್ನು ಕಳಿಸಿದ.

ಕನ್ಯೆ ನೋಡಲು ಬಂದವರು

ಚಿಕ್ಕೇರೂರಿನಿಂದ ವರ, ಅವನ ಅಪ್ಪ, ಅವ್ವ ಬಂದರು. "ನೀ ಬಾಯಿ ಮುಚ್ಚಿಕೊಂಡು ಕುಂದ್ರು," ಎಂದು ಅತ್ತೆ ನನಗೆ ತಾಕೀತು ಮಾಡಿ ಒಳಗೆ ಹೋದಳು. ತಂಗಿ ನೆಲ ನೋಡುತ್ತ ಕುಳಿತಳು.

"ಎಷ್ಟು ನಾಚಿಕಿ! ಮರ್ಯಾದಿ ಹುಡುಗಿ," ಎಂದು ವರನ ಅವ್ವ ಮೆಚ್ಚಿದಳು.

ನನಗೆ ಸಂಕಟವಾಯಿತು. ನಾಳೆ ಆ ಮನೆಯಲ್ಲಿ ಇವಳನ್ನು ಬೈದರೆ ತಿಳಿಸಿ ಹೇಳಲು ನಾನಿರುವುದಿಲ್ಲವಲ್ಲ! "ನಾಚಿಕಿ ಅಲ್ರಿ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಒಳಗೆ ಅತ್ತೆ ಹಣೆ ಬಡಿದುಕೊಂಡ ಸಪ್ಪಳ ಕೇಳಿತು.

ವರನ ಅವ್ವ ಗಂಡನ ಕಡೆ ಬೆರಳು ತೋರಿಸಿದಳು. ಬಂದಾಗಿನಿಂದ ತುಟಿ ಬಿಚ್ಚದ ಆ ಹಿರಿಯರು ತಬಕದ ವೀಳ್ಯದೆಲೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸುತ್ತಿದ್ದರು.

"ಮೂವತ್ತು ವರ್ಸ ಆತ್ರಿ. ಇದನ್ನ ನನಗ ತಿಳಿಸಿ ಹೇಳ್ತೀರಿ?" ಎಂದಳು.

ಅಷ್ಟರಲ್ಲಿ ತಂಗಿ ಕೈ ಚಾಚಿ ಎರಡು ಎಲೆ ಅದಲುಬದಲು ಮಾಡಿದಳು. ಹಿರಿಯರು ಬಗ್ಗಿ ನೋಡಿ, "ಹೌದು," ಎಂದರು. ಆಮೇಲೆ, "ಹುಡುಗಿ ನಮಗ ಒಪ್ಪಿಗಿ ಆತು," ಎಂದರು. ವರ ಆಗಲೇ ತಲೆಯಾಡಿಸುತ್ತಿದ್ದ. ತಂಗಿಯನ್ನು ಕೇಳಿದೆ.

"ಅವರ ಮನ್ಯಾಗ ಸಾಮಾನು ಇಟ್ಟಲ್ಲೇ ಇರ್ತಾವು," ಎಂದಳು. ನನ್ನ ಕಣ್ಣು ತುಂಬಿ ಬಂತು.

ಹೊರಡುವಾಗ ವರನ ಅವ್ವ ನನ್ನನ್ನು ಬದಿಗೆ ಕರೆದಳು. "ಮಾಸ್ತರ, ಲಗ್ನ ಆದಮ್ಯಾಲ ನೀವು ಆಗಾಗ ಊಟಕ್ಕ ಬರ್ರಿ. ಇನ್ನ ಮನ್ಯಾಗ ಇದ್ದದ್ದು ಇದ್ದಂಗ ಅನ್ನೋರು ಇಬ್ಬರಾಗ್ತಾರ. ನನ್ನ ಅಡಿಗಿ ಛಲೋ ಆಗೇತಿ ಅಂತ ಸುಳ್ಳ ಹೇಳಾಕ ಯಾರರ ಬೇಕಲ್ರಿ!"