ಸಗಣಿಯ ಮುಯ್ಯಿ

ಎಲ್ಲಕ್ಕೂ ಕಾರಣ ಕಲ್ಯಾಣಮ್ಮನ ಒಂದು ಪಾತ್ರೆ ಹುರುಳಿ. ಆಕೆ ಅದನ್ನು ತೊಳೆದು, ನೀರು ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಟೇಲರ್ ಗಾದಿಲಿಂಗನ ಮನೆಗೆ ಹೊತ್ತು ತರದೆ ತನ್ನ ಒಲೆಯ ಮೇಲೇ ಇಟ್ಟುಕೊಂಡಿದ್ದರೆ ಗುಡೇಕೋಟೆ ಹತ್ತಿರದ ಆ ಊರಿನಲ್ಲಿ ಅವತ್ತು ಏನೂ ನಡೆಯುತ್ತಿರಲಿಲ್ಲ. ಗಾದಿಲಿಂಗ ಎಂದಿನಂತೆ ಬಸ್ಸು ನಿಲ್ಲುವ ಕಡೆ ಜಗಲಿಯ ಮೇಲೆ ಮಿಷಿನ್ನು ತುಳಿದು, ಸಂಜೆ ಮನೆಗೆ ಬಂದು, ಹೆಂಡತಿ ಕೆಮ್ಮದೆ ಬಡಿದ ರೊಟ್ಟಿಯನ್ನು ಬಹಳ ವರ್ಷಗಳ ಮೇಲೆ ಉಣ್ಣುತ್ತಿದ್ದ.

ಆ ರೊಟ್ಟಿಗಾಗಿಯೇ ಅವನು ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದು. ಹೆಂಡತಿ ಹುಲುಗಮ್ಮನ ಕೆಮ್ಮು ಓಣಿಗೆಲ್ಲ ಪರಿಚಯವಿತ್ತು. ಬೆಳಗಿನ ಜಾವ ಅವಳ ಕೆಮ್ಮು ಕೇಳಿಸಿದ ಮೇಲೆಯೇ ಕೆಲವರು ಏಳುತ್ತಿದ್ದರು. ಕೂಡ್ಲಿಗಿಯ ಡಾಕ್ಟರು ಅವಳ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ಬೀಡಿ ಸೇದ್ತೀಯೇನಮ್ಮ?" ಎಂದು ಕೇಳಿದ್ದರು. ಹುಲುಗಮ್ಮ ಸೆರಗು ಬಾಯಿಗಿಟ್ಟು ನಕ್ಕಿದ್ದಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ನರ್ಸು ನೀರು ತಂದುಕೊಡಬೇಕಾಯಿತು. ಆಮೇಲೆ ಡಾಕ್ಟರು ಗಾದಿಲಿಂಗನನ್ನು ಹೊರಗೆ ಕರೆದು, "ಇನ್ಮೇಲೆ ಇವರನ್ನ ಒಲೆ ಮುಂದೆ ಕೂರಿಸಬೇಡ. ಕೂರಿಸಿದ್ರೆ ನನ್ನ ಔಷಧಿಯಿಂದ ಏನೂ ಆಗಲ್ಲ" ಅಂದಿದ್ದರು. ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅಳುವುದು ಹೆಂಡತಿಗೆ ಕಾಣಬಾರದೆಂದು.

ಗುಂಡಿ ಆಯಿತು, ಗುಮ್ಮಟ ಆಯಿತು, ಅಡಿಗೆ ಮನೆಗೆ ಪೈಪೂ ಬಂತು. ಸಗಣಿ ಇರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಆಕಳು, ಅದೂ ತನ್ನ ಒಡೆಯನಂತೆ ಬಡಕಲು. ಗುಂಡಿ ಕಟ್ಟಿಸಲು ಬಂದಿದ್ದ ಸೂಪರ್‌ವೈಸರ್ ಕ್ರಾಂತಿಕುಮಾರ್ ವಿವರಿಸಿ ಹೇಳಿದ್ದ: "ಮೊದಲ ಸಲ ಮಾತ್ರ ಗುಂಡಿ ತುಂಬಾ ಹಾಕಬೇಕ್ರಿ. ಆಮೇಲೆ ದಿನಾ ನಿಮ್ಮ ಆಕಳಿಂದು ಹಾಕ್ಕಂಡು ಹೋದ್ರೆ ಇಬ್ರ ಅಡಿಗಿಗೆ ಸರಿಹೋಗ್ತೈತಿ. ಮೂರನೇರಿಗೆ ಚಾ ಕಾಸಕ್ಕೂ ಸಾಲಲ್ಲ, ನೆನಪಿಟ್ಕಳ್ರಿ."

ಆ ಊರಲ್ಲಿ ಸಗಣಿ ಕೇಳುವುದು ಸಣ್ಣ ಮಾತಲ್ಲ. ಅದು ಹೊಲಕ್ಕೆ ಗೊಬ್ಬರ, ಒಲೆಗೆ ಕುಳ್ಳು, ಅಂಗಳಕ್ಕೆ ಸಾರಣೆ. ಗಂಡಸರು "ನೋಡೋಣು" ಅಂದರು. ಹುಲುಗಮ್ಮನೇ ಪುಟ್ಟಿ ಹೊತ್ತು ಮನೆಮನೆಗೆ ಹೋದಳು. ಅವಳ ಮುಖ ನೋಡಿ ಹೆಂಗಸರು ತಮ್ಮ ತಿಪ್ಪೆಗೆ ಹೋಗಬೇಕಾದದ್ದನ್ನು ಅವಳ ಪುಟ್ಟಿಗೆ ಹಾಕಿದರು. ಪ್ರತಿ ಬಾಗಿಲಲ್ಲೂ ಅವಳು "ಮುಯ್ಯಿ ತೀರಿಸ್ತೀನವ್ವ" ಎಂದು ಹೇಳಿ ಬಂದಳು.

ಮುಯ್ಯಿ ಅಂದರೆ ಅಲ್ಲಿ ಮಾತಿಗಿಂತ ದೊಡ್ಡದು. ನಾನು ನಿನ್ನ ಹೊಲದ ಕಳೆ ಕಿತ್ತರೆ ನೀನು ನನ್ನ ಹೊಲದ ಕಳೆ ಕೀಳಬೇಕು. ನನ್ನ ಮಗಳ ಮದುವೆಗೆ ನೀನು ರೊಟ್ಟಿ ಬಡಿದರೆ ನಿನ್ನ ಮಗಳ ಮದುವೆಗೆ ನಾನು ಬಡಿಯಬೇಕು. ತೀರಿಸದವರನ್ನು ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವರ ಮನೆಗೆ ಹೋಗುವುದನ್ನು ಬಿಡುತ್ತಾರೆ, ಅಷ್ಟೇ.

ಗುಂಡಿ ತುಂಬಿ ಗ್ಯಾಸು ಕಟ್ಟಿದ ಮೇಲೆ, ಕಲ್ಯಾಣಮ್ಮ ಹುರುಳಿ ತಂದ ಹಿಂದಿನ ದಿನ ಸಂಜೆ ಕ್ರಾಂತಿಕುಮಾರ್ ಬಂದು ಒಲೆ ಹೊತ್ತಿಸಿ ತೋರಿಸಿ ಹೋಗಿದ್ದ. ನೀಲಿ ಉರಿ. ಹುಲುಗಮ್ಮ ಅದರ ಮುಂದೆ ಸುಮ್ಮನೆ ನಿಂತು, "ಇದಕ್ಕ ಊದೋದೇ ಬ್ಯಾಡಲ್ಲ" ಅಂದಿದ್ದಳು. ಬೆಳಿಗ್ಗೆ ನೋಡಿದರೆ ಹುರುಳಿ ಪಾತ್ರೆಯ ಜೊತೆ ಕಲ್ಯಾಣಮ್ಮ ಬಾಗಿಲಲ್ಲಿ.

"ಗಾದಿಲಿಂಗಣ್ಣ, ಇದೊಂದೀಟು ಬೇಯಿಸ್ಕಂತೀನಿ. ನಮ್ಮ ಎಮ್ಮಿ ಸಗಣಿನೂ ಐತಲ್ಲ ಒಳಗ, ಹೆಂಗ ಉರಿತೈತಿ ನೋಡೋಣು ಅಂತ ಬಂದೆ."

ಗಾದಿಲಿಂಗ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಹುಲುಗಮ್ಮ, "ಬಾ ತಂಗಿ, ಇಡು" ಅಂದುಬಿಟ್ಟಳು. ಹುರುಳಿ ಬೇಯುವುದು ಯಾವಾಗ ಎಂದು ಹುರುಳಿಗೇ ಗೊತ್ತಿರುವುದಿಲ್ಲ. ಅದು ಬೇಯುವುದರೊಳಗೆ ಸುದ್ದಿ ಓಣಿಯ ಕೊನೆಯ ಮನೆ ಮುಟ್ಟಿತ್ತು.

ಎರ್ರಮ್ಮ ಬಂದಳು. ಅವಳ ತಲೆಯ ಮೇಲೆ ಬೋಗುಣಿ, ಬೋಗುಣಿಯಲ್ಲಿ ಸೋಡಾ ನೀರು, ಸೋಡಾ ನೀರಿನಲ್ಲಿ ಗಂಡನ ಪಂಚೆಗಳು.

"ಅತ್ತಿ, ಅಡಿಗಿ ಒಲಿ ಮ್ಯಾಲೆ ಪಂಚಿ ಕುದಿಸ್ತಾರೇನು?" ಗಾದಿಲಿಂಗ ಕೇಳಿದ.

"ಸಗಣಿ ಒಲಿಗೆ ಎಂಥಾ ಮಡಿಯಪ್ಪ. ಕಲ್ಯಾಣಿಗಿಂತ ಹೆಚ್ಚಿಗಿ ಪುಟ್ಟಿ ಕೊಟ್ಟೋಳು ನಾನು. ಅಕಿ ಹುರುಳಿ ಬೇಯ್ತೈತಿ, ನನ್ನ ಪಂಚಿ ಬೇಯಬಾರದೇನು?"

ಗಾದಿಲಿಂಗ ಬೋಗುಣಿ ಇಳಿಸಲು ಕೈ ಕೊಟ್ಟ. ಅವನು ಮಿಷಿನ್ನಿಗೆ ಹೋಗುವ ಯೋಚನೆ ಬಿಟ್ಟು ಬಾಗಿಲಲ್ಲೇ ಕೂತ. ಅಷ್ಟರಲ್ಲಿ ದುರುಗಣ್ಣ ಬಂದ. ಜೋಡೆತ್ತಿನ ಮನೆಯವನು, ಓಣಿಗೆ ಹಿರಿಯ, ಕಟ್ಟೆಯ ಮೇಲೆ ಯಾರು ಏನು ಮಾತಾಡಿದರೂ ಕೊನೆಯ ಮಾತು ಅವನದೇ. ಬೀಡಿಯನ್ನು ಒಲೆಗೇ ಬಗ್ಗಿ ಹೊತ್ತಿಸಿಕೊಂಡು, ಉರಿಯನ್ನು ಸಂತೆಯಲ್ಲಿ ಎತ್ತು ನೋಡುವಂತೆ ನಾಲ್ಕೂ ಕಡೆಯಿಂದ ನೋಡಿದ.

"ಈ ನೀಲಿ ನಮ್ಮ ಎತ್ತಿಂದು. ಎಮ್ಮಿ ಸಗಣಿಗೆ ಇಂಥಾ ಬಣ್ಣ ಬರಾಕ ಸಾಧ್ಯ ಇಲ್ಲ."

"ಎಮ್ಮಿ ಹಾಲು ಕುಡದು ಬೆಳದೋನು ನೀನು, ಹಂಗ ಅನಬ್ಯಾಡ ಮಾವ" ಅಂದಳು ಕಲ್ಯಾಣಮ್ಮ.

"ನೀರು ಕಾಯಿಸಿದ್ರ ಗೊತ್ತಾಗ್ತೈತಿ ಬಿಡು" ಎಂದು ದುರುಗಣ್ಣ ಮನೆಗೆ ಹೋಗಿ ಸ್ನಾನದ ಹಂಡೆಯನ್ನೇ ತರಿಸಿದ.

ಹುಲುಗಮ್ಮ ಒಂದನ್ನು ಇಳಿಸಿ ಇನ್ನೊಂದನ್ನು ಇಡುತ್ತ ನಿಂತಿದ್ದಳು. ಮನೆ ತುಂಬ ಜನ, ನಗು, ಮಾತು. ಬೆಳಗಿನಿಂದ ಅವಳು ಒಮ್ಮೆಯೂ ಕೆಮ್ಮಿರಲಿಲ್ಲ. ಅದನ್ನು ಗಮನಿಸಿದ್ದು ಗಾದಿಲಿಂಗ ಒಬ್ಬನೇ. ಅವನಿಗೆ ಸಂತೋಷವಾಯಿತು. ಅದರ ಹಿಂದೆಯೇ ಹೆದರಿಕೆಯೂ ಹುಟ್ಟಿತು, ಯಾಕೆಂದರೆ ಉರಿ ಸಣ್ಣದಾಗುತ್ತಿತ್ತು. ಹೀಗೇ ನಡೆದರೆ ಸಂಜೆ ರೊಟ್ಟಿಗೆ ಅವಳು ಮತ್ತೆ ಮೂರು ಕಲ್ಲಿನ ಒಲೆಯ ಮುಂದೆ ಕೂರಬೇಕು. ನಾಳೆಯೂ ಹೀಗೇ. ನಾಡಿದ್ದೂ ಹೀಗೇ.

ಮಧ್ಯಾಹ್ನ ಅವನು ಯಾರಿಗೂ ಕಾಣದಂತೆ ಹಿತ್ತಲಿಗೆ ಹೋಗಿ ಗುಮ್ಮಟದ ಮೇಲಿನ ಪೈಪಿನ ವಾಲು ತಿರುಗಿಸಿ ಬಂದ್ ಮಾಡಿದ. ಒಲೆ ಆರಿತು. ಅವನು ಮಣ್ಣು ಕೊಟ್ಟು ಬಂದವನ ಮುಖ ಮಾಡಿಕೊಂಡು ಒಳಗೆ ಬಂದು, "ಗ್ಯಾಸು ಮುಗೀತ್ರಿ" ಅಂದ.

ಹಂಡೆಯ ನೀರು ಇನ್ನೂ ಉಗುರು ಬೆಚ್ಚಗಿತ್ತು. ದುರುಗಣ್ಣನಿಗೆ ಸಂಶಯ ಬಂತು. ಅವನು ಹಿತ್ತಲಿಗೆ ನಡೆದ, ಅವನ ಹಿಂದೆ ಎಲ್ಲರೂ ನಡೆದರು. ಗುಮ್ಮಟಕ್ಕೆ ಕಿವಿ ಹಚ್ಚಿ ಆಲಿಸಿ, "ಗುಳುಗುಳು ಅಂತೈತಿ. ಐತಿ ಒಳಗ. ಇವನು ಬಚ್ಚಿಟ್ಟಾನ" ಎಂದು ತೀರ್ಪು ಕೊಟ್ಟ. ಆಮೇಲೆ ವಾಲು ಕಣ್ಣಿಗೆ ಬಿತ್ತು. ಅದನ್ನು ಪೂರಾ ತಿರುಗಿಸಿ ಬಿಟ್ಟ.

ಒಳಗೆ ಒಲೆಯ ತಿರುಪು ತೆರೆದೇ ಇತ್ತು. ಉರಿ ಇಲ್ಲದ ಒಲೆಯಿಂದ ಗ್ಯಾಸು ಬುಸ್ಸೆಂದು ಮನೆ ತುಂಬಿತು. ಕೊಳೆತ ಮೊಟ್ಟೆಯ ವಾಸನೆ ಹಿತ್ತಲಿಗೂ ಬಂತು. "ನೋಡಿದ್ರಾ, ಐತಿ ಅನ್ನಲಿಲ್ಲೇನು?" ಎಂದು ದುರುಗಣ್ಣ ಗೆದ್ದವನಂತೆ ಅಡಿಗೆ ಮನೆಯ ಕಡೆ ಹೊರಟ. ಬಾಯಲ್ಲಿ ಹೊಸ ಬೀಡಿ, ಕೈಯಲ್ಲಿ ಕಡ್ಡಿಪೆಟ್ಟಿಗೆ. ಗಾದಿಲಿಂಗ ಓಡಿ ಬಂದು, ಓಣಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದ. ದುರುಗಣ್ಣನ ಬಾಯಿಂದ ಬೀಡಿ ಕಿತ್ತುಕೊಂಡ. ಕಡ್ಡಿಪೆಟ್ಟಿಗೆಯನ್ನೂ ಕಿತ್ತುಕೊಂಡು ಎರಡನ್ನೂ ಹಿಡಿದು ಬೀದಿಗೆ ಓಡಿದ.

ಅತ್ತ ಎರ್ರಮ್ಮ, ಬೆಂಕಿ ಹತ್ತುವುದಕ್ಕೆ ಮುಂಚೆಯೇ ಆರಿಸುವುದು ಒಳ್ಳೆಯದೆಂದು, ಹಂಡೆಯ ನೀರನ್ನು ಕೊಡ ಕೊಡವಾಗಿ ಸಗಣಿ ಹಾಕುವ ಬಾಯಿಗೆ ಸುರಿದಳು. ಈ ಬಾಯಿಗೆ ಸುರಿದದ್ದಕ್ಕೆ ಗುಂಡಿಯ ಆಚೆ ಬಾಯಿಂದ ಸಗಣಿ ಬಗ್ಗಡ ಉಕ್ಕಿ ಹಿತ್ತಲೆಲ್ಲ ಹರಿಯಿತು. ಬೀದಿಯಿಂದ ವಾಪಸು ಬಂದ ಗಾದಿಲಿಂಗ ಅದರಲ್ಲಿ ಜಾರಿ, ಮೊಣಕಾಲಿಂದ ಗಲ್ಲದವರೆಗೆ ಓಣಿಯ ಎಲ್ಲ ದನಗಳ ಋಣವನ್ನೂ ಮೈಗೆ ಬಳಿದುಕೊಂಡ. ಒಲೆಯ ತಿರುಪು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಹುಲುಗಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋಗಿ ಮುಚ್ಚಿ ಬಂದಳು. ಅಷ್ಟೊತ್ತಿಗೆ ಗ್ಯಾಸು ನಿಜವಾಗಿಯೂ ಮುಗಿದಿತ್ತು.

ಕಟ್ಟೆಯ ಮೇಲೆ ಜನ ಸೇರಲು ಬಹಳ ಹೊತ್ತು ಬೇಕಾಗಲಿಲ್ಲ.

"ನನ್ನ ಬಾಯಾಗಿನ ಬೀಡಿ ಕಿತ್ಗಂಡಾನ. ನಮ್ಮಪ್ಪ ಕೂಡ ಕಿತ್ಗಂಡಿರಲಿಲ್ಲ. ಹೋಗ್ಲಿ, ಅದನ್ನ ಬಿಡ್ತೀನಿ. ಮುಯ್ಯಿದು ಹೇಳು. ಸಗಣಿ ಇಸ್ಕಂಡೀರಿ, ಗ್ಯಾಸು ಬಚ್ಚಿಟ್ಟೀರಿ. ಹಿಂಗಾದ್ರ ನಾಳಿ ನಿಮ್ಮ ಮನಿಗೆ ಯಾರು ಬರ್ತಾರ?" ಅಂದ ದುರುಗಣ್ಣ.

ಗಾದಿಲಿಂಗ ಮೈಗೆ ಒಣಗಿದ ಬಗ್ಗಡ ಅಂಟಿಸಿಕೊಂಡು ನಿಂತಿದ್ದ. ಅವನನ್ನು ನೋಡಿದರೆ ಅಂಗಳ ಸಾರಿಸುವ ಮಧ್ಯೆ ಯಾರೋ ಎಬ್ಬಿಸಿ ತಂದಂತಿತ್ತು. ಒಂದಿಬ್ಬರು ನಕ್ಕರು. ಅವನು ಯಾವತ್ತೂ ನಾಲ್ಕು ಜನರ ಮುಂದೆ ಮಾತಾಡಿದವನಲ್ಲ. ಅವತ್ತು ಮಾತಾಡಿದ.

"ಹೌದು ಮಾವ, ಬಚ್ಚಿಟ್ಟೆ. ಅಕಿಗೆ ಅಂತ ಬಚ್ಚಿಟ್ಟೆ. ಒಲಿ ಮುಂದ ಕೂತ್ರ ಉಳಿಯಂಗಿಲ್ಲ ಅಂದಾರ ಡಾಕ್ಟ್ರು. ಅಕಿಗೆ ಹೇಳಿಲ್ಲ ನಾನು. ನಿಮಗ ಹೇಳ್ತೀನಿ. ಆ ಗುಂಡ್ಯಾಗ ಇಬ್ರ ರೊಟ್ಟಿಗೆ ಆಗೋಷ್ಟು ಉರಿ ಬರ್ತೈತಿ, ಹೆಚ್ಚಿಗಿ ಬರಂಗಿಲ್ಲ. ಅದೊಂದು ಬಿಟ್ಟುಬಿಡ್ರಿ. ನಿಮ್ಮ ಮುಯ್ಯಿ ನಾನು ತೀರಿಸ್ತೀನಿ. ನಿಮ್ಮ ಮನಿ ಬಟ್ಟಿ ಹೊಲೀತೀನಿ, ಹೊಲಕ್ಕ ಬರ್ತೀನಿ, ದನದ ಕೊಟಿಗಿ ಬಳೀತೀನಿ. ಅಕಿ ಉಸಿರು ಮಾತ್ರ ಕೇಳಬ್ಯಾಡ್ರಿ."

ಅವನು ಅಳುತ್ತಿದ್ದ. ಒಣಗಿದ ಬಗ್ಗಡದ ಮೇಲೆ ಕಣ್ಣೀರು ಎರಡು ಗೆರೆ ಎಳೆಯಿತು. ದುರುಗಣ್ಣ ಬೀಡಿಗಾಗಿ ಜೇಬು ತಡಕಿ, ಅದು ಇಲ್ಲವೆಂದು ನೆನಪಾಗಿ ಕೈ ಹೊರಗೆ ತೆಗೆದ.

ಆಗ ಎರ್ರಮ್ಮ ತಡವಾಗಿ ಬಂದು, ದುರುಗಣ್ಣನ ಪಕ್ಕದಲ್ಲಿ ಕೂತು, ಕಿವಿಯಲ್ಲಿ ಏನೋ ಹೇಳಿದಳು. ದುರುಗಣ್ಣ ತಲೆಯಾಡಿಸಿ ನೆಲ ನೋಡಿದ.

"ಆಯ್ತು ಬಿಡಪ್ಪ. ಯಾರೂ ನಿಮ್ಮ ಒಲಿಗೆ ಬರಂಗಿಲ್ಲ ಇನ್ನ. ಮುಯ್ಯಿದೂ ಮುಗೀತು. ನೀನೇನೂ ತೀರಿಸಬ್ಯಾಡ. ಹೋಗಿ ಮೈ ತೊಳ್ಕ."

ಗಾದಿಲಿಂಗನಿಗೆ ನಂಬಿಕೆಯಾಗಲಿಲ್ಲ. ಇಷ್ಟು ಸಲೀಸಾಗಿ ಆ ಕಟ್ಟೆಯ ಮೇಲೆ ಯಾವ ನ್ಯಾಯವೂ ಮುಗಿದದ್ದಿಲ್ಲ. ಜನ ಒಳ್ಳೆಯವರು, ಬಾಯಿ ಮಾತ್ರ ಕೆಟ್ಟದ್ದು ಅಂದುಕೊಂಡ. ಬಾಯಿ ತೆರೆದು ಹೇಳಿಕೊಂಡರೆ ಕಲ್ಲೂ ಕರಗುತ್ತದೆ ಅಂದುಕೊಂಡ. ಬಾವಿಯ ಹತ್ತಿರ ಮೈ ತೊಳೆದುಕೊಂಡು, ಹಗುರಾಗಿ, ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಮನೆಗೆ ನಡೆದ. ಇವತ್ತೊಂದು ರಾತ್ರಿ ಮಂಡಕ್ಕಿ ತಿಂದು ಮಲಗಿದರಾಯಿತು. ಒಂದೆರಡು ದಿನಕ್ಕೆ ಗುಂಡಿಯಲ್ಲಿ ಮತ್ತೆ ಗ್ಯಾಸು ತುಂಬುತ್ತದೆ. ಆಮೇಲೆ ಹುಲುಗಮ್ಮನಿಗೆ ಜನ್ಮದಲ್ಲಿ ಹೊಗೆಯಿಲ್ಲ.

ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಅಡಿಗೆ ಮನೆ ಒರೆಸಿ ಶುಭ್ರವಾಗಿತ್ತು. ಒಲೆ ಹೊಳೆಯುತ್ತಿತ್ತು. ಹುಲುಗಮ್ಮ ಇರಲಿಲ್ಲ.

ಅವನು ಹಿತ್ತಲಲ್ಲಿ ನೋಡಿದ, ಕೊಟ್ಟಿಗೆಯಲ್ಲಿ ನೋಡಿದ. ಆಗ ಅವಳ ಕೆಮ್ಮು ಕೇಳಿಸಿತು. ಅದು ಕಲ್ಯಾಣಮ್ಮನ ಮನೆಯಿಂದ ಬರುತ್ತಿತ್ತು.

ಕಲ್ಯಾಣಮ್ಮ ಹೊರಗೆ ತನ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವನನ್ನು ಕಂಡು ಮುಖ ತಗ್ಗಿಸಿದಳು. "ಬ್ಯಾಡ ಅಂದೆ ಅಣ್ಣ. ಎಷ್ಟು ಹೇಳಿದ್ರೂ ಕೇಳಲಿಲ್ಲ ಅಕ್ಕ" ಅಂದಳು.

ಒಳಗೆ ಒಲೆಯ ಮುಂದೆ ಹುಲುಗಮ್ಮ ಕೂತಿದ್ದಳು. ಮೆಕ್ಕೆಜೋಳದ ಹಸಿ ದಂಟು ಉರಿಯದೆ ಹೊಗೆಯಾಡುತ್ತಿತ್ತು. ಅವಳು ಬಗ್ಗಿ ಊದುಗೊಳವೆಯಲ್ಲಿ ಊದುತ್ತಿದ್ದಳು, ಊದಿ ಕೆಮ್ಮುತ್ತಿದ್ದಳು, ಕೆಮ್ಮಿ ರೊಟ್ಟಿ ತಿರುವುತ್ತಿದ್ದಳು.

"ಏನು ಮಾಡಾಕತ್ತೀಯ ನೀನು? ಮುಯ್ಯಿ ಮುಗೀತು ಅಂದ್ರು ದುರುಗಣ್ಣ ಮಾವ. ಎಲ್ಲಾ ಬಿಟ್ಟುಕೊಟ್ಟಾರ."

"ಬಿಟ್ಟು ಎಲ್ಲಿ ಕೊಡ್ತಾರ. ನಾನೇ ಎಲ್ಲಾರ ಮನಿಗೂ ಹೋಗಿ ಹೇಳಿ ಬಂದೀನ್ರಿ, ಮುಯ್ಯಿಗೆ ಬದಲು ರೊಟ್ಟಿ ಬಡಿದು ಕೊಡ್ತೀನಿ ಅಂತ. ದುರುಗಣ್ಣ ಮಾವಗ ಎರ್ರಮ್ಮತ್ತಿ ಕೈಲಿ ಹೇಳಿ ಕಳಿಸಿದ್ದೆ. ಇವತ್ತು ಇವರ ಮನಿ, ನಾಳಿಂದ ಎರ್ರಮ್ಮತ್ತಿ ಮನಿ, ಆಮ್ಯಾಲೆ ದುರುಗಣ್ಣ ಮಾವನ ಮನಿ. ಗ್ಯಾಸು ಬಂದಮ್ಯಾಲೆ ನಮ್ಮ ಮನಿ ಅಡಿಗಿ ಎಷ್ಟೊತ್ತಿಂದು? ನನಗ ಪುರಸೊತ್ತು ಆತಲ್ಲ."

"ನಿನಗ ಡಾಕ್ಟ್ರು ಏನಂದಾರ ಗೊತ್ತೇನು?"

"ಗೊತ್ತು. ಅವತ್ತು ಬಾಗಲ ಹಿಂದೇ ನಿಂತಿದ್ದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಹುಲುಗಮ್ಮ ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾ ಹೋದಮ್ಯಾಲೆ ನಿಮಗ ಒಂದು ರೊಟ್ಟಿ ಕೊಡೋರು ಈ ಓಣ್ಯಾಗ ಬೇಕಲ್ರಿ. ಮುಯ್ಯಿ ಉಳಿಸಿ ಹೋದ್ರ ಯಾರು ಕೊಡ್ತಾರ? ನಿಮಗ ಗ್ಯಾಸು ಹೊತ್ತಿಸಾಕೂ ಬರಲ್ಲ."

ಗಾದಿಲಿಂಗ ಒಳಗೆ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕೈಯಿಂದ ಊದುಗೊಳವೆ ತೆಗೆದುಕೊಂಡು ಊದತೊಡಗಿದ. ಅವನಿಗೆ ಅದೂ ಬರುತ್ತಿರಲಿಲ್ಲ. ಹೊಗೆಯೆಲ್ಲ ಅವನ ಗಂಟಲಿಗೇ ನುಗ್ಗಿತು. ಹೊರಗೆ ಅವರೆಕಾಯಿ ಸುಲಿಯುತ್ತಿದ್ದ ಕಲ್ಯಾಣಮ್ಮನಿಗೆ ಈಗ ತನ್ನ ಅಡಿಗೆ ಮನೆಯಿಂದ ಇಬ್ಬರ ಕೆಮ್ಮು ಕೇಳಿಸುತ್ತಿತ್ತು.