ಹೃದಯದೊಳಗೊಂದು ಅಕ್ಕಿಕಾಳು

ನಮ್ಮ ಚಿಗವ್ವ ಮನೆಗೆ ಬಂದರೆ ಮೊದಲು ಕ್ಷೇಮ ವಿಚಾರಿಸುವುದು ನಮ್ಮದಲ್ಲ, ನಮ್ಮ ಫ್ರಿಜ್ಜಿನದು! ಚಪ್ಪಲಿ ಬಿಟ್ಟವಳೇ ಚೀಲದಿಂದ ಸ್ಟೆತಸ್ಕೋಪು ತೆಗೆದು ಅದರ ಬೆನ್ನಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿ, "ದಮ್ಮು ಹತ್ತೇತಿ ಇದಕ್ಕ. ಗ್ವಾಡಿಗೆ ಒತ್ತಿ ಇಟ್ಟೀರಿ, ಉಸಿರಾಡೂದು ಹ್ಯಾಂಗ?" ಎನ್ನುತ್ತಾಳೆ. ಬೆಳಗಿನಿಂದ ಸೊಂಟ ಹಿಡಿದುಕೊಂಡು ಒದ್ದಾಡುತ್ತಿರುವ ನಮ್ಮವ್ವನ ಕಡೆ ತಿರುಗಿಯೂ ನೋಡುವುದಿಲ್ಲ. ಕೇಳಿದರೆ, "ಅಕ್ಕಾ, ನಿನಗ ಡಾಕ್ಟರ್ ಅದಾರ. ಇದಕ್ಕ ಯಾರದಾರ?"

ಅವಳ ನೌಕರಿಯೇ ಅಂಥದ್ದು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಬಯೋಮೆಡಿಕಲ್ ಇಂಜಿನಿಯರ್ ಆಗಿದ್ದಳು. ಡಾಕ್ಟರರು ರೋಗಿಗಳನ್ನು ಉಳಿಸಿದರೆ, ಇವಳು ಡಾಕ್ಟರರ ಯಂತ್ರಗಳನ್ನು ಉಳಿಸಿದವಳು. ಆದರೆ ಮದುವೆ ಮನೆಗಳಲ್ಲಿ ಬೀಗರು ಅವಳನ್ನು ಪರಿಚಯಿಸುತ್ತಿದ್ದುದು "ದವಾಖಾನಿಯೊಳಗ ಏನೋ ಕೆಲಸಕ್ಕದಾಳ" ಎಂದು. ನರ್ಸಮ್ಮನೆಂದು ತಿಳಿದು ಇಂಜೆಕ್ಷನ್ನಿಗೆ ಅಂಗಿಯ ತೋಳು ಮಡಚಿಕೊಂಡು ಬಂದವರೂ ಉಂಟು.

ನಿವೃತ್ತಿಯಾಗಿ ಬೈಲಹೊಂಗಲಕ್ಕೆ ಬಂದವಳು ರೊಟ್ಟಿ ತಟ್ಟಿಕೊಂಡು ಸುಮ್ಮನಿರಬೇಕೋ ಬೇಡವೋ? ಹಳೆಯ ಯಂತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಮುನವಳ್ಳಿ, ಕಿತ್ತೂರು, ದೇಗಾಂವ ಎಂದು ಸಿಕ್ಕ ಬಸ್ಸು ಹತ್ತಿ ಶಾಲೆಗಳಿಗೆ ಹೊರಟಳು. ಕಡೆಗೆ ದೊಡವಾಡದ ಆಚೆ ನಾನು ವಿಜ್ಞಾನ ಕಲಿಸುವ ಶಾಲೆಗೂ ವಕ್ಕರಿಸಿದಳು.

ಮೊದಲ ದಿನವೇ, ಪ್ರಾರ್ಥನೆ ಮುಗಿಯುತ್ತಿದ್ದಂತೆ, ನಾಡಿ ಎಣಿಸುವ ಕ್ಲಿಪ್ಪನ್ನು ಹೆಡ್‌ಮಾಸ್ತರರ ಬೆರಳಿಗೇ ಸಿಕ್ಕಿಸಿದಳು. ಎಂಬತ್ತು ಎಂದು ತೋರಿಸಿತು. ತಡವಾಗಿ ಬಂದ ಹುಡುಗರನ್ನು ಕಂಡು ಅವರು ಗದರಿದ್ದೇ ತಡ, ಅಂಕಿ ಮೇಲೇರತೊಡಗಿತು. ಮಕ್ಕಳು ಮಗ್ಗಿ ಹೇಳಿದ ಹಾಗೆ ಒಟ್ಟಾಗಿ ಎಣಿಸಿ ನೂರಾ ಹತ್ತಕ್ಕೆ ಮುಟ್ಟಿಸಿದರು! ಅಂದಿನಿಂದ ಅವರಿಗೆ ಸಿಟ್ಟು ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ "ನೂರಾ ಹತ್ತರೀ ಸರ್" ಎಂಬ ಎಚ್ಚರಿಕೆ ಬರುತ್ತಿತ್ತು.

ಹೆಡ್‌ಮಾಸ್ತರರು ನನ್ನನ್ನು ಕರೆದರು. "ಟೀಚರ್, ತಾಲೂಕಿನ ವಿಜ್ಞಾನ ಪ್ರದರ್ಶನದಾಗ ನಿಮ್ಮ ಚಿಗವ್ವ ಮಕ್ಕಳ ಕೈಲೆ ಮಾಡಸೂ ಮಾಡೆಲ್ ನಡೀತಂದ್ರ ಅವರು ಬರಲಿ. ಇಲ್ಲಂದ್ರ ಆ ಚೀಲ ಮತ್ತ ಗೇಟಿನೊಳಗ ಬರೂದು ಬ್ಯಾಡ."

ಚಿಗವ್ವನಿಗೆ ತಿಳಿಸಿದೆ. "ನಡೀದ ಏನ್ ಮಾಡತೈತಿ?" ಎಂದಳೇನೋ ನಿಜ, ಆದರೆ ಚಹಾ ಅರ್ಧಕ್ಕೇ ಬಿಟ್ಟಳು. ತನ್ನನ್ನು ಅಜ್ಜಿಯಂತೆ 'ಆಯಿ' ಎಂದು ಕರೆಯುವ ಆ ಮಕ್ಕಳನ್ನು ಅಷ್ಟು ಹಚ್ಚಿಕೊಂಡಿದ್ದಳು.

ಮಾಡೆಲ್ ಎಂದರೆ ಒಂದು ಹೃದಯ. ಬೆಳೆಗೆ ಔಷಧಿ ಹೊಡೆಯುವ ಪಂಪಿನ ಎರಡು ವಾಲ್ವು, ಒಂದು ರಬ್ಬರ್ ಚೆಂಡು, ರಕ್ತನಾಳಕ್ಕೆ ಡ್ರಿಪ್ ಪೈಪು, ಡಬ್ಬಿಯ ತುಂಬ ಕೆಂಪು ನೀರು. "ಹೃದಯ ಅಂದ್ರ ಏನ? ನಿಮ್ಮ ಹೊಲದಾಗಿನ ಪಂಪ್‌ಸೆಟ್ಟ. ಕರೆಂಟ್ ಹೋದ್ರೂ ನಿಂದ್ರಂಗಿಲ್ಲ, ಅಷ್ಟ" ಎಂದು ಪಾಠ ಮಾಡಿದಳು. ಚೆಂಡನ್ನು ಹಿಚುಕುವ ಮೋಟಾರು ಜೋಡಿಸಿದವಳು ಒಂಬತ್ತನೆಯ ತರಗತಿಯ ರೇಷ್ಮಾ. ಅವಳಪ್ಪನದು ಸುಟ್ಟ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ.

ಪ್ರದರ್ಶನದ ದಿನ ಬೈಲಹೊಂಗಲದಲ್ಲಿ ಸ್ವಿಚ್ ಒತ್ತಿದೆವು. ಮೋಟಾರು ತಿರುಗಿತು, ಚೆಂಡು ಬಡಿದುಕೊಂಡಿತು, ನೀರು ಮಾತ್ರ ಮೇಲೇರಲಿಲ್ಲ. ತೀರ್ಪುಗಾರರು ಪಕ್ಕದ ಮೇಜಿನಲ್ಲಿದ್ದರು. ಹೆಡ್‌ಮಾಸ್ತರರು ಕೈಕಟ್ಟಿ ನಿಂತಿದ್ದರು.

"ಏನ್ ಮಾಡೀರಿ ಇದಕ್ಕ?" ಎಂದು ಮಕ್ಕಳನ್ನು ಕೇಳಿದೆ.

"ಏನಿಲ್ರಿ ಟೀಚರ್, ಪೂಜಿ ಮಾಡೇವ್ರಿ. ಹೊಸಾ ಮಷೀನ್ ಪೂಜಿ ಮಾಡದ ಚಾಲೂ ಮಾಡತಾರೇನ್ರಿ?"

ಕುಂಕುಮ, ಊದಿನಕಡ್ಡಿ ಎಲ್ಲ ಆಗಿ, ಮದುಮಕ್ಕಳಿಗೆ ಹಾಕುವಂತೆ ಮೇಲಿಂದ ಅಕ್ಕಿಕಾಳನ್ನೂ ಹಾಕಿದ್ದರಂತೆ. ತೆರೆದ ಡಬ್ಬಿಯ ಮೇಲೆ!

ಚಿಗವ್ವನ ಕೈ ಪಂಪಿನ ತನಕ ಹೋಯಿತು. ಮೂವತ್ತು ವರ್ಷದ ಚಟ, ಬಿಟ್ಟೀತೇ? ಆದರೆ ಹಿಂದಕ್ಕೆಳೆದುಕೊಂಡಳು. ಸ್ಟೆತಸ್ಕೋಪನ್ನು ರೇಷ್ಮಾಳ ಕೊರಳಿಗೆ ಹಾಕಿ, "ಮೊದಲ ಕಿವೀಲೆ ನೋಡು, ಆಮ್ಯಾಲೆ ಕೈಲೆ" ಎಂದಳು.

ರೇಷ್ಮಾ ಕಣ್ಣು ಮುಚ್ಚಿ ಕೇಳಿದಳು. ತೀರ್ಪುಗಾರರು ಬಂದು ನಿಂತದ್ದೂ ಅವಳಿಗೆ ತಿಳಿಯಲಿಲ್ಲ. "ಆಯಿ, ವಾಲ್ವಿಗೊಂದರಂಗ ಸಪ್ಪಳ ಎರಡ ಬರಬೇಕಲ್ರಿ? ಒಂದ ಬರಾಕತ್ತೇತಿ. ಕೆಳಗಿನ ವಾಲ್ವ್ ಮುಚ್ಚವಲ್ದು." ಪೈಪು ಕಳಚಿ, ತಲೆಯ ಪಿನ್ನು ಕಿತ್ತು, ಅರಿಶಿನ ಹತ್ತಿದ ಒಂದು ಅಕ್ಕಿಕಾಳನ್ನು ಹೊರಗೆಳೆದಳು. ಮತ್ತೆ ಸ್ವಿಚ್ ಒತ್ತಿದಳು. ಕೆಂಪು ನೀರು ಡ್ರಿಪ್ ಪೈಪಿನ ತುದಿಯವರೆಗೂ ಚಿಮ್ಮಿ ಹೆಡ್‌ಮಾಸ್ತರರ ಬಿಳಿ ಅಂಗಿಗೂ ಒಂದಿಷ್ಟು ಪ್ರಸಾದ ಕೊಟ್ಟಿತು!

ರೋಗ, ರೋಗಪತ್ತೆ, ಚಿಕಿತ್ಸೆ ಮೂರನ್ನೂ ಕಣ್ಣೆದುರು ತೋರಿಸಿದ ಮಾಡೆಲ್ ಇದೊಂದೇ ಎಂದು ತೀರ್ಪುಗಾರರು ಮೊದಲ ಬಹುಮಾನ ಕೊಟ್ಟರು. ಎಲ್ಲವೂ ಮೊದಲೇ ಯೋಜಿಸಿದ್ದೆಂದು ಅವರು ತಿಳಿದಿದ್ದರು. ಹೆಡ್‌ಮಾಸ್ತರರು ಅಂಗಿ ಒರೆಸಿಕೊಳ್ಳುತ್ತ, "ನಾನ ಹೇಳಿದ್ದೆ, ಹಿಂಗ ಮಾಡ್ರಿ ಅಂತ" ಎಂದರು. ಆಮೇಲೆ ಚಿಗವ್ವನಿಗೆ, "ಸೋಮವಾರ ಬರ್ರಿ ಬಾಯಾರ. ಚೀಲ ಮರೀಬ್ಯಾಡ್ರಿ."

ವೇದಿಕೆಯ ಮೇಲೆ ಅತಿಥಿಗಳು ರೇಷ್ಮಾಳಿಗೆ ಮೈಕು ಹಿಡಿದರು. "ಮುಂದ ಡಾಕ್ಟರ್ ಆಗ್ತಿಯೇನವಾ?"

"ಇಲ್ರಿ. ಡಾಕ್ಟರ್ ಕೈಯಾಗಿನ ಮಷೀನ್ ರಿಪೇರಿ ಮಾಡಾಕಿ ಆಗತೇನ್ರಿ. ಅಕಾ ನೋಡ್ರಿ, ಅಲ್ಲೆ ಕುಂತಾರಲ್ರಿ ಆಯಿ, ಅವರಂಗ."

ಸಭೆಯೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ಬಸ್ಸಿನ ಡ್ರೈವರನಿಗೂ ಇಂಜಿನ್ನಿನ ಪಾಠ ಹೇಳದೆ ಬಿಡದ ನಮ್ಮ ಚಿಗವ್ವ ತಲೆ ತಗ್ಗಿಸಿ ಚೀಲದ ಬಾಯಿ ಕಟ್ಟತೊಡಗಿದಳು. ಆಮೇಲೆ ಸೆರಗಿನಲ್ಲಿ ಮುಖ ಒತ್ತಿಕೊಂಡು ಅಂದಳು: "ನನ್ನಂಗ ಆಗತೇನಿ ಅಂತ ಇಲ್ಲೀತನಕ ಯಾರೂ ಅಂದಿದ್ದಿಲ್ಲವಾ."

ಚಪ್ಪಾಳೆ ಇನ್ನೂ ನಡೆದಿತ್ತು. ನಾನು ತಟ್ಟುವುದನ್ನು ಬಿಟ್ಟು ಅವಳ ಕೈ ಹಿಡಿದುಕೊಂಡೆ.